ಹಳದಿ ಟೇಪು ಸುತ್ತಿದ ತಂತಿ

ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದಾಗ ಯುಚಿನ್ ಹುಡುಕುತ್ತಿದ್ದದ್ದು ಮೆಮೊರಿ ಕೂರಿಸುವ ಜಾಗವನ್ನು. ಅದು ಸಿಕ್ಕಿತು. ಜೊತೆಗೆ, ಹುಡುಕದೇ ಇದ್ದ ಇನ್ನೊಂದು ಜಾಗವೂ ಸಿಕ್ಕಿತು.

ಬ್ಯಾಟರಿಯ ಮಗ್ಗುಲಲ್ಲಿ ಹೆಬ್ಬೆರಳಗಲದ ಒಂದು ಕಪ್ಪು ಸ್ಲಾಟು ಬಾಯಿ ತೆರೆದುಕೊಂಡು ಖಾಲಿ ಕೂತಿತ್ತು. ಡಿಸ್ಕಿನದಲ್ಲ, ಡಿಸ್ಕ್ ತನ್ನ ಜಾಗದಲ್ಲಿ ಭದ್ರವಾಗಿತ್ತು. ವೈಫೈ ಕಾರ್ಡಿನದೂ ಅಲ್ಲ. ಅದು ಆಚೆ ಮೂಲೆಯಲ್ಲಿ ಕಾಣುತ್ತಿತ್ತು. ಯುಚಿನ್ ಆ ಮಾದರಿಯ ಕೈಪಿಡಿಯನ್ನು ಫೋನಿನಲ್ಲಿ ತೆರೆದು ನೋಡಿದಳು. ಚಿತ್ರದಲ್ಲಿ ಆ ಜಾಗ ಬರೀ ಹಸಿರು ಸರ್ಕ್ಯೂಟ್ ಹಲಗೆ. ಸ್ಲಾಟಿನ ಗುರುತೂ ಇಲ್ಲ, ಹೆಸರೂ ಇಲ್ಲ.

ಚಿತ್ರದಲ್ಲಿಲ್ಲದ್ದು ಯಂತ್ರದಲ್ಲಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ಅವಳು ಬಹಳ ಹಿಂದೆಯೇ ಕಲಿತಿದ್ದಳು. ಮೇಜಿನ ದೀಪವನ್ನು ಬಗ್ಗಿಸಿ ಹತ್ತಿರ ತಂದಳು. ಹಲಗೆಯ ಮೇಲೆಲ್ಲ ತೆಳ್ಳಗೆ ದೂಳು ಕೂತಿತ್ತು. ಸ್ಲಾಟಿನ ಮುಂದೆ ಮಾತ್ರ, ಬೆಂಕಿಪೆಟ್ಟಿಗೆಗಿಂತ ತುಸು ಸಣ್ಣದಾದ ಒಂದು ಚೌಕ ಸ್ವಚ್ಛವಾಗಿತ್ತು. ಗೋಡೆಯ ಮೇಲಿನ ಪಟ ಇಳಿಸಿದಾಗ ಬಣ್ಣದ ಮೇಲೆ ಗುರುತು ಉಳಿಯುತ್ತದಲ್ಲ, ಹಾಗೆ.

ಇಲ್ಲಿ ಏನೋ ಇತ್ತು. ಯಾರೋ ತೆಗೆದಿದ್ದಾರೆ.

ಯಾರೋ ಎಂದುಕೊಂಡರೂ, ಆ ‘ಯಾರೋ’ಗೆ ಒಂದು ಮುಖ ಆಗಲೇ ಮೂಡಿತ್ತು. ಈ ಲ್ಯಾಪ್‌ಟಾಪು ಅವಳ ಜೊತೆ ಕೆಲಸ ಮಾಡುವ ಪೆಂಗ್ ರುಯಿತಾಂಗನದು. ಅವಳದು ಕೆಟ್ಟು ಕೂತಾಗ, ಹೊಸದು ಕೊಂಡಿದ್ದ ಅವನು ತನ್ನ ಹಳೆಯದನ್ನು ತಂದು ಮೇಜಿನ ಮೇಲಿಟ್ಟಿದ್ದ. “ಸ್ವಲ್ಪ ನಿಧಾನ ಅಕ್ಕಾ, ಆದ್ರೆ ಮೋಸ ಮಾಡಲ್ಲ,” ಎಂದಿದ್ದ. ಆಗ ಅದೊಂದು ಉಪಕಾರದಂತೆ ಕಂಡಿತ್ತು.

ಜುದೊಂಗ್ ಪೇಟೆಯ ಹಿಂದಿನ ಬೀದಿಯಲ್ಲಿ ಅವರಿಬ್ಬರದು ಮೀಟರುಗಳ ಅಳತೆ ಸರಿನೋಡುವ ಒಂದು ಪುಟ್ಟ ಅಂಗಡಿ. ಷಿನ್‌ಚುವಿನ ಚಿಪ್ ಕಾರ್ಖಾನೆಗಳು ಬಳಸುವ ಅನಿಲದ ಮೀಟರುಗಳು ಇಲ್ಲಿಗೆ ಬರುತ್ತವೆ. ಎಷ್ಟು ಅನಿಲ ಹರಿಯಿತು ಎಂದು ಮೀಟರು ಹೇಳುತ್ತದೆ, ನಿಜವಾಗಿ ಎಷ್ಟು ಹರಿಯಿತು ಎಂದು ಇವರು ನೋಡುತ್ತಾರೆ, ಎರಡರ ನಡುವಿನ ತಪ್ಪನ್ನು ತಿದ್ದಿ ಯುಚಿನ್ ಸಹಿ ಹಾಕಿ ಕಳಿಸುತ್ತಾಳೆ. ಆ ಅನಿಲಗಳಲ್ಲಿ ಭಾರವಾದದ್ದೊಂದಿದೆ; ಅದನ್ನು ಸುಲಭಕ್ಕೆ ಅಳೆಯಲಾಗದು. ಅದಕ್ಕೆಂದು ಯುಚಿನ್ ವರ್ಷಗಟ್ಟಲೆ ಕೂತು ತಿದ್ದುಪಡಿಯ ಒಂದು ಕೋಷ್ಟಕ ಮಾಡಿದ್ದಳು. ಈ ಬೀದಿಗೆ ಗಿರಾಕಿ ಹುಡುಕಿಕೊಂಡು ಬರುತ್ತಿದ್ದದ್ದೇ ಅದಕ್ಕಾಗಿ. ಕಳೆದ ತಿಂಗಳು ದೊಡ್ಡ ಕಾರ್ಖಾನೆಯ ಖರೀದಿಯವನೊಬ್ಬ ಮಾತಿನ ನಡುವೆ, “ಪಕ್ಕದೂರು ಜುಬೇಲೂ ಒಬ್ರು ಆ ಅನಿಲಾನ ಅಳೆದು ಕೊಡ್ತಾರಂತೆ ಮೇಡಂ,” ಎಂದುಬಿಟ್ಟ. ಅಂದಿನಿಂದ ಅವಳಿಗೆ ಊಟ ಸೇರಿರಲಿಲ್ಲ. ಕೋಷ್ಟಕ ಇದ್ದದ್ದು ಅವಳ ಬಳಿ. ಅದು ಎಲ್ಲಿದೆಯೆಂದು ಗೊತ್ತಿದ್ದದ್ದು ರುಯಿತಾಂಗನೊಬ್ಬನಿಗೆ.

ತೈಪೆಯ ಸಂತೆಕಟ್ಟಡದಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಲುವೊ ಜಿಂಗ್‌ವೇ ಅವಳ ಕಾಲೇಜಿನ ಸಹಪಾಠಿ. ಯುಚಿನ್ ಸ್ಲಾಟಿನ ಫೋಟೋ ಕಳಿಸಿ ಅವನಿಗೆ ಫೋನು ಹಚ್ಚಿದಳು.

“ಏನಮ್ಮಾ, ಬದುಕಿದೀಯಾ? ಫೋಟೋದಲ್ಲಿ ನಿನ್ನ ಬೆರಳೇ ದೊಡ್ಡದಾಗಿ ಕಾಣ್ತಿದೆ.”

“ಬೆರಳು ಬಿಡು. ಸ್ಲಾಟು ಯಾವುದು ಹೇಳು.”

“ಒಳಗಡೆ ಒಂದು ಕಚ್ಚು ಇರುತ್ತೆ ನೋಡು, ತಪ್ಪು ಕಾರ್ಡು ಕೂರದ ಹಾಗೆ. ಯಾವ ಕಡೆ ಇದೆ?”

“ಡಿಸ್ಕಿನ ಸ್ಲಾಟಲ್ಲಿ ಬಲಗಡೆ. ಇದರಲ್ಲಿ ಎಡಗಡೆ.”

“ಹಾಗಾದ್ರೆ ಅದು ಈ ಡಿಸ್ಕಿಗಲ್ಲ. ಅಲ್ಲಿಗೆ ತಂತಿ ಏನಾದ್ರೂ ಬಂದಿದ್ಯಾ? ಸಣ್ಣವು, ತುದೀಲಿ ಗುಂಡುಸೂಜಿ ತಲೆಯಷ್ಟು ಹಿತ್ತಾಳೆ ಬಳೆ ಇರುತ್ತೆ.”

ಬ್ಯಾಟರಿಯ ಅಂಚಿನಡಿ ತುರುಕಿದ್ದ ಎರಡು ತಂತಿಗಳು ಅವಳ ಕಣ್ಣಿಗೆ ಬಿದ್ದದ್ದು ಆಗ. ಒಂದು ಕಪ್ಪು, ಒಂದು ಬೂದು. ಎರಡೂ ಪರದೆಯ ಕಡೆಯಿಂದ ಇಳಿದು ಬಂದಿದ್ದವು.

“ಇದಾವೆ. ಎರಡು.”

“ಮುಗೀತು ಬಿಡು. ಮೊಬೈಲ್ ಕಾರ್ಡಿನ ಜಾಗ ಅದು. ಒಂದು ಸಿಮ್ ಹಾಕಿದ್ರೆ ಲ್ಯಾಪ್‌ಟಾಪೇ ಫೋನಿನ ಥರ ನೆಟ್ ಹಿಡಿಯುತ್ತೆ. ದೊಡ್ಡ ಆಫೀಸಿನೋರು ಕೇಳಿ ಹಾಕಿಸ್ಕೊಳ್ತಾರೆ. ಅಂಗಡೀಲಿ ಮಾರೋದಕ್ಕೆ ಹಾಕಲ್ಲ, ಅದಕ್ಕೇ ನಿನ್ನ ಕೈಪಿಡೀಲಿ ಇಲ್ಲ.”

“ಅಂದ್ರೆ ನಮ್ಮ ವೈಫೈ ಮುಟ್ಟದೇನೇ ಇದರಿಂದ ಏನು ಬೇಕಾದ್ರೂ ಹೊರಗೆ ಕಳಿಸಬಹುದು.”

“ಕಳಿಸಬಹುದು. ಏನ್ ಕಳಿಸ್ತಾರೆ ನಿನ್ನ ಹತ್ರ ಇರೋದು? ನೀನು ಕಾಲೇಜಲ್ಲೂ ಹೀಗೇ ಕಣೇ. ಮೆಸ್ಸಿನ ತಕ್ಕಡೀನೇ ಲ್ಯಾಬಿಗೆ ಹೊತ್ಕೊಂಡು ಹೋಗಿ ತೂಕ ಹಾಕಿದೋಳು.”

“ತಕ್ಕಡಿ ತಪ್ಪಿತ್ತಲ್ಲ.”

“ತಪ್ಪಿತ್ತು. ಅದಕ್ಕೇ ಆಮೇಲೆ ನಿನ್ನ ಪಕ್ಕ ಊಟಕ್ಕೆ ಯಾರೂ ಕೂರ್ತಿರಲಿಲ್ಲ. ಖಾಲಿ ಸ್ಲಾಟು ಯಾರನ್ನೂ ಕಚ್ಚಲ್ಲ, ಮುಚ್ಚಿಡು.”

“ಅದು ಖಾಲಿ ಇರೋದೇ ನನ್ನ ತಕರಾರು,” ಎಂದು ಯುಚಿನ್ ಫೋನಿಟ್ಟಳು.

ಜಿಂಗ್‌ವೇ ಹೇಳಿದ್ದು ಸರಿಯಿರಬಹುದು. ಆದರೆ ಇನ್ನೊಬ್ಬರು ಹೇಳಿದ್ದನ್ನು ಅಳೆಯದೆ ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಬ್ಯಾಟರಿಯನ್ನು ಬಿಡಿಸಿ ಎತ್ತಿಟ್ಟಳು. ಅದರಡಿ ಸಿಮ್ ಕೂರುವ ಒಂದು ತಗಡಿನ ತಟ್ಟೆ ಇತ್ತು, ಅದೂ ಖಾಲಿ. ಮಲ್ಟಿಮೀಟರಿನ ಒಂದು ಮುಳ್ಳನ್ನು ತಟ್ಟೆಯ ಹಲ್ಲಿಗಿಟ್ಟು, ಇನ್ನೊಂದನ್ನು ಸ್ಲಾಟಿನ ಹಲ್ಲುಗಳ ಮೇಲೆ ಒಂದೊಂದಾಗಿ ಸರಿಸುತ್ತ ಹೋದಳು. ಕೂದಲೆಳೆಯಷ್ಟು ಸಣ್ಣ ಹಲ್ಲುಗಳು. ಉಸಿರು ಬಿಗಿಹಿಡಿದೇ ಮಾಡಬೇಕು. ಒಂದೆಡೆ ಮೀಟರು ಕುಂಯ್ ಎಂದಿತು. ಸಿಮ್ಮಿಗೂ ಸ್ಲಾಟಿಗೂ ನಂಟಿದೆ. ಸ್ಲಾಟು ಯಾವುದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳಿಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ.

ತಂತಿಗಳನ್ನು ಮತ್ತೆ ನೋಡಿದಳು. ತುದಿಗಳು ಬರಿದಾಗಿರಲಿಲ್ಲ. ಹಲಗೆಗೆ ತಾಗಿ ಕಿಡಿ ಹಾರದಿರಲೆಂದು ಯಾರೋ ಅವಕ್ಕೆ ಹಳದಿ ಬಣ್ಣದ, ಬಿಸಿ ತಡೆಯುವ ಟೇಪು ಸುತ್ತಿದ್ದರು. ಟೇಪಿನ ಕೊನೆಯನ್ನು ಓರೆಯಾಗಿ ಕತ್ತರಿಸಿ, ಮತ್ತೆ ಬಿಚ್ಚಲು ಸುಲಭವಾಗಲೆಂದು ತುದಿಯನ್ನು ಚೂರು ಒಳಕ್ಕೆ ಮಡಿಸಿದ್ದರು. ಅಂಥದೇ ಟೇಪಿನ ಸುರುಳಿ ಅವಳ ಮೊಳಕೈಯ ಪಕ್ಕದಲ್ಲೇ ಬಿದ್ದಿತ್ತು. ಅದರ ತುದಿಯೂ ಓರೆಯಾಗಿತ್ತು, ಮಡಿಸಿಯೂ ಇತ್ತು. ಹಾಗೆ ಕತ್ತರಿಸುವವನು ಈ ಅಂಗಡಿಯಲ್ಲಿ ಒಬ್ಬನೇ.

ಸ್ಕ್ರೂ ಬಿಚ್ಚುವಾಗ ಬೆರಳಿಗೆ ಅಂಟಿದ್ದ ಜಿಗುಟು ಕೂಡ ಈಗ ನೆನಪಾಯಿತು. ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಎರಡು ಸ್ಕ್ರೂಗಳ ತಲೆಯ ಸುತ್ತ, ಪಕ್ಕದ ಯುಎಸ್‌ಬಿ ತೂತುಗಳ ಸುತ್ತ ಅಂಟಿನ ಕಲೆಗಳಿದ್ದವು. ಹಳೆಯ ಕಲೆಯ ಮೇಲೆ ಹೊಸ ಕಲೆ. ಏನನ್ನೋ ಅಂಟಿಸಿ ಕಿತ್ತಿದ್ದಾರೆ. ಒಂದು ಸಲವಲ್ಲ, ಮತ್ತೆ ಮತ್ತೆ.

ರುಯಿತಾಂಗ್ ಹೊರಗಿನಿಂದ ಬಂದಾಗ ಲ್ಯಾಪ್‌ಟಾಪು ಮುಚ್ಚಿತ್ತು. ಜಾಕೆಟ್ಟಿನೊಳಗೆ ಗಾಳಿ ತುಂಬಿಕೊಂಡು, ಕೂದಲೆಲ್ಲ ನೆಟ್ಟಗಾಗಿ ಒಳಬಂದ. ಕೈಯಲ್ಲಿ ಷಿನ್‌ಪುವಿನ ಒಣ ಪರ್ಸಿಮನ್ ಹಣ್ಣಿನ ಪೊಟ್ಟಣ.

“ಈ ಗಾಳೀಲಿ ಸ್ಕೂಟರು ನಾನು ಓಡಿಸ್ಲಿಲ್ಲ ಅಕ್ಕಾ, ಅದೇ ನನ್ನ ಕರ್ಕೊಂಡು ಬಂತು. ಮೆಮೊರಿ ಹಾಕಿದ್ರಾ?”

“ಹಾಕಿದೆ.”

“ಒಳಗೆ ದೂಳು ಜಾಸ್ತಿ ಇತ್ತಾ?”

ಕೇಳಬೇಕಾದ ಪ್ರಶ್ನೆಯೇ ಇದು? ಯುಚಿನ್ ಅವನ ಮುಖ ನೋಡಿದಳು. ಅವನು ಹಣ್ಣಿನ ಪೊಟ್ಟಣದ ಗಂಟು ಬಿಚ್ಚುತ್ತಿದ್ದ.

“ಇತ್ತು. ಎಲ್ಲಾ ಕಡೆ ಇರಲಿಲ್ಲ.”

ಗಂಟಿನ ಮೇಲೆ ಅವನ ಬೆರಳು ಒಂದು ಗಳಿಗೆ ನಿಂತಿತೋ, ಅಥವಾ ಗಂಟೇ ಬಿಗಿಯಾಗಿತ್ತೋ. ಅವನು ಎದ್ದು ಕಪಾಟಿನ ಕಡೆ ಹೋದ. ಗಾಜಿನ ಬಾಗಿಲ ಹಿಂದೆ ಅವರ ಮೂಲ ಮೀಟರಿತ್ತು. ಬಂದ ಮೀಟರುಗಳನ್ನೆಲ್ಲ ಹೋಲಿಸಿ ನೋಡುವುದು ಅದರೊಂದಿಗೆ. ಅದರ ತಲೆಯ ಮೇಲೆ ಹಸಿರು ಬಣ್ಣದ ಜೋಳದ ತಿಂಡಿಯ ಪೊಟ್ಟಣ ಕೂತಿತ್ತು. ಷಿನ್‌ಚುವಿನಲ್ಲಿ ನೆಟ್ಟಗೆ ನಡೆಯಬೇಕಾದ ಯಾವ ಯಂತ್ರದ ಮೇಲಾದರೂ ಅದೊಂದು ಇರುತ್ತದೆ, ಯಂತ್ರ ಹಠ ಮಾಡದೆ ಜಾಣಮರಿಯಾಗಿರಲಿ ಎಂದು. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಪೊಟ್ಟಣ ಒಡೆಯಬಾರದು. ಭೌತಶಾಸ್ತ್ರ ಓದಿದ ಯುಚಿನ್ ಇದನ್ನು ನಂಬುತ್ತಿರಲಿಲ್ಲ. ಆದರೆ ಪೊಟ್ಟಣ ಬದಲಿಸುವುದನ್ನು ಒಮ್ಮೆಯೂ ಮರೆತಿರಲಿಲ್ಲ.

“ತಾರೀಖು ಮುಗೀತಾ ಬಂತು. ಬೇರೆ ಇಡ್ಲಾ?”

“ನಾನಿಡ್ತೀನಿ. ನೀನು ಅದನ್ನ ಮುಟ್ಟಬೇಡ.”

“ಸರಿ.” ಅವನು ಕೈ ಹಿಂದೆಳೆದುಕೊಂಡ. ಆಮೇಲೆ, ಮಾತು ಹುಡುಕಿ ತೆಗೆದವನಂತೆ, “ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಬೇಕಿತ್ತು,” ಎಂದ.

ಕಳೆದ ವಾರವೂ ಕೇಳಿದ್ದ. ಅದರ ಹಿಂದಿನ ವಾರವೂ.

“ನಿನ್ನ ಹೊಸದು ಏನಾಯ್ತು?”

“ಮಗಳ ಶಾಲೆಯ ಒಂದು ಪ್ರೋಗ್ರಾಂ ಹಳೇದ್ರಲ್ಲಿ ಮಾತ್ರ ಓಡುತ್ತೆ ಅಕ್ಕಾ.”

“ತಗೊಂಡು ಹೋಗು,” ಎಂದಳು ಯುಚಿನ್. “ಮಕ್ಕಳ ಓದು ಮುಖ್ಯ.”

ಮಾರನೆಯ ದಿನ ಅವನು ಮೀಟರು ತಲುಪಿಸಲು ಹೋದ ಹೊತ್ತಿಗೆ ಅವಳು ಅವನ ಮೇಜಿನ ಸೆಳೆಖಾನೆ ತೆರೆದಳು. ಇಷ್ಟು ವರ್ಷದಲ್ಲಿ ಎಂದೂ ತೆರೆದಿರಲಿಲ್ಲ. ಮೇಲೆ ಚಹಾದ ಡಬ್ಬಿ, ಮಗಳು ಬಿಡಿಸಿದ ಒಂದು ಬೆಕ್ಕು, ಸ್ಕ್ರೂಡ್ರೈವರುಗಳು. ತಳದಲ್ಲಿ ಬೆಳ್ಳಿಬಣ್ಣದ ಚೀಲದೊಳಗೆ ಒಂದು ಕಾರ್ಡು. ಬೆಂಕಿಪೆಟ್ಟಿಗೆಗಿಂತ ತುಸು ಸಣ್ಣದು. ಲ್ಯಾಪ್‌ಟಾಪಿನ ಬೆನ್ನು ಮತ್ತೆ ಬಿಚ್ಚಿ ಇಟ್ಟು ನೋಡಿದಳು. ಎಡಗಡೆಯ ಕಚ್ಚಿಗೆ ಸರಿಯಾಗಿ ಕೂತಿತು; ದೂಳಿಲ್ಲದ ಚೌಕವನ್ನು ಅಂಚಿನಿಂದ ಅಂಚಿಗೆ ಮುಚ್ಚಿತು. ಯಂತ್ರ ಚಾಲೂ ಮಾಡಿದಾಗ ಪರದೆಯ ಮೂಲೆಯಲ್ಲಿ, ಇದುವರೆಗೆ ಇಲ್ಲದಿದ್ದ ಮೊಬೈಲ್ ಸಂಕೇತದ ಏಣಿ ಕಾಣಿಸಿಕೊಂಡು ಸಿಮ್ ಕೇಳಿತು.

ಎಲ್ಲವನ್ನೂ ಇದ್ದಂತೆಯೇ ಇಟ್ಟಳು. ಕೋಷ್ಟಕವನ್ನು ಮಾತ್ರ ಲ್ಯಾಪ್‌ಟಾಪಿನಿಂದ ಒಂದು ಪೆನ್‌ಡ್ರೈವಿಗೆ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ರುಯಿತಾಂಗ್ ಲ್ಯಾಪ್‌ಟಾಪನ್ನು ಬೆನ್ನಚೀಲಕ್ಕಿಳಿಸಿಕೊಂಡು ಹೊರಟ. ಅವನ ಮನೆ ಎಡಕ್ಕೆ, ನದಿಯ ದಿಕ್ಕಿಗೆ. ಅವನು ಬಲಕ್ಕೆ ತಿರುಗಿದ. ಯುಚಿನ್ ಹೆಲ್ಮೆಟ್ಟು ಬಿಗಿದು, ಮುಖಗವಸು ಏರಿಸಿ, ನಡುವೆ ಎರಡು ಲಾರಿಗಳಷ್ಟು ಅಂತರ ಬಿಟ್ಟು ಹಿಂದೆ ಬಿದ್ದಳು. ಎದುರುಗಾಳಿಗೆ ಸ್ಕೂಟರು ಓಲಾಡುತ್ತಿತ್ತು. ಜುಬೇ ಕಡೆಯ ದಾರಿ ಬಂದಾಗ ಅವಳು ಅಂತರ ಕಡಿಮೆ ಮಾಡಿದಳು. ಅವನು ಆ ದಾರಿ ಹಿಡಿಯಲಿಲ್ಲ. ನೇರ ಚಿಪ್ ಕಾರ್ಖಾನೆಗಳಿರುವ ವಿಜ್ಞಾನ ಪಾರ್ಕಿನ ಏರು ಹತ್ತಿ, ತಮ್ಮ ದೊಡ್ಡ ಗಿರಾಕಿಯದೇ ಕಾರ್ಖಾನೆಯ ಹಿಂಬಾಗಿಲ ಮುಂದೆ ನಿಂತ.

ರಸ್ತೆಯ ಈಚೆ ಬದಿಯಲ್ಲಿ, ಬಾನ್‌ತಿಯಾವ್ ಎಂಬ ಅಗಲ ಅಕ್ಕಿಶಾವಿಗೆ ಮಾರುವ ಅಂಗಡಿಯ ಗಾಜಿನ ಹಿಂದೆ ನಿಂತು ಅವಳು ನೋಡಿದಳು. ಕಾವಲಿನ ಹೆಂಗಸು ಲ್ಯಾಪ್‌ಟಾಪನ್ನು ತಿರುಗಿಸಿ ಅದರ ಸಂಖ್ಯೆಯನ್ನು ತನ್ನ ಪರದೆಯೊಂದಿಗೆ ಹೋಲಿಸಿದಳು. ಆಮೇಲೆ ಸುರುಳಿಯಿಂದ ಸಣ್ಣ ಸಣ್ಣ ಸ್ಟಿಕ್ಕರುಗಳನ್ನು ಕಿತ್ತು ಕ್ಯಾಮೆರಾದ ಮೇಲೆ, ಯುಎಸ್‌ಬಿ ತೂತುಗಳ ಮೇಲೆ, ಬೆನ್ನಿನ ಎರಡು ಸ್ಕ್ರೂಗಳ ಮೇಲೆ ಒತ್ತಿದಳು.

ಅಂಟಿನ ಕಲೆ ಎಲ್ಲಿಂದ ಬಂತೆಂದು ತಿಳಿಯಿತು. ಕಾರ್ಡು ಯಾಕೆ ಕಳಚಿದನೆಂದೂ ತಿಳಿಯಿತು. ಮೊಬೈಲ್ ಕಾರ್ಡಿರುವ ಯಂತ್ರವನ್ನು ಈ ಬಾಗಿಲು ಒಳಗೆ ಬಿಡುವುದಿಲ್ಲ. ಪಾರ್ಕಿನಲ್ಲಿ ಕೆಲಸ ಮಾಡುವ ಯಾರಿಗೂ ಗೊತ್ತಿರುವ ನಿಯಮ. ಆದರೆ ಒಂದು ಅನುಮಾನ ಕೆಳಗಿಳಿದ ಜಾಗಕ್ಕೆ ಅದಕ್ಕಿಂತ ದೊಡ್ಡದೊಂದು ಏರಿ ಕೂತಿತು. ಜುಬೇಯವರಿಗೆ ಮಾರುವುದು ಬೇಡ, ಗಿರಾಕಿಗೇ ಮಾರಿದರೆ? ಕಾರ್ಖಾನೆಯವರೇ ಅಳೆದುಕೊಳ್ಳಲು ಕಲಿತರೆ ಅವಳ ಸಹಿ ಯಾರಿಗೆ ಬೇಕು? ಶನಿವಾರ ಶನಿವಾರ ಇವನು ಒಳಗೆ ಕೂತು ಪಾಠ ಹೇಳಿಕೊಡುತ್ತಿದ್ದಾನೆ!

ಅವನು ಹೊರಬರುವ ಹೊತ್ತಿಗೆ ಅವಳ ಮುಂದಿದ್ದ ಸಾರು ತಣ್ಣಗಾಗಿತ್ತು. ಬಾಗಿಲಿಗೆ ಬಂದು ಕೂಗಿದಳು.

“ರುಯಿತಾಂಗ್! ಮಗಳ ಪಾಠ ಮುಗೀತಾ? ಬಾ, ನಿನಗೂ ಒಂದು ಬಟ್ಟಲು ಹೇಳಿದೀನಿ.”

ಅವನು ಓಡಲಿಲ್ಲ, ಬೆಚ್ಚಲೂ ಇಲ್ಲ. ರಸ್ತೆ ದಾಟಿ ಬಂದು ಎದುರು ಕೂತ. ಚೀಲವನ್ನು ಮಡಿಲಲ್ಲಿಟ್ಟುಕೊಂಡ.

“ನೀವು ಬರ್ತೀರಾ ಅಂತ ಗೊತ್ತಿತ್ತು ಅಕ್ಕಾ. ಕಾರ್ಡಿನ ಚೀಲದ ಬಾಯಿನ ನಾನು ಎರಡು ಮಡಿಕೆ ಮಾಡ್ತೀನಿ. ನಿನ್ನೆ ನೋಡ್ದಾಗ ಒಂದೇ ಇತ್ತು.”

“ಹಾಗಾದ್ರೆ ಸುಳ್ಳು ಹೇಳೋ ಶ್ರಮ ಉಳೀತು. ಎಷ್ಟು ಕಲಿಸಿದೀಯ ಅವರಿಗೆ?”

“ಏನ್ ಕಲಿಸೋದು?”

“ನನ್ನ ಕೋಷ್ಟಕ.”

ಅವನು ಚಾಪ್‌ಸ್ಟಿಕ್ಕನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. “ಅಕ್ಕಾ, ನಿಮ್ಮ ಕೋಷ್ಟಕ ಯಾರಿಗೂ ಬೇಕಿಲ್ಲ. ಜುಬೇಯವರು ಹೊಸ ಯಂತ್ರ ತರಿಸಿದಾರೆ. ಅದು ಆ ಅನಿಲಾನೇ ನೇರವಾಗಿ ಅಳೆಯುತ್ತೆ. ಕೋಷ್ಟಕಾನೇ ಬೇಡ ಅದಕ್ಕೆ.”

ಕದ್ದಿದ್ದಾರೆ ಎಂಬುದಕ್ಕಿಂತ ಕೆಟ್ಟ ಮಾತು ಇರಬಹುದೆಂದು ಯುಚಿನ್ ಎಣಿಸಿರಲಿಲ್ಲ. ಬಟ್ಟಲಿನ ಮೇಲೆ ಕಟ್ಟಿದ ಎಣ್ಣೆಯ ಪೊರೆಯನ್ನೇ ನೋಡುತ್ತ ಕೂತಳು.

“ಮತ್ತೆ ಒಳಗೆ ಹೋಗಿ ಏನ್ ಮಾಡ್ತೀಯ?”

“ನಾವು ಕಳಿಸಿದ ಮೀಟರುಗಳನ್ನ ತಿದ್ದುತೀನಿ.” ಅವನ ದನಿ ತಗ್ಗಿತು. “ವಸಂತದಲ್ಲಿ ಅಲ್ಲಿನ ಇಂಜಿನಿಯರು ಚಿಯು ನನಗೆ ಫೋನ್ ಮಾಡಿದ್ರು. ನಮ್ಮ ಮೀಟರು ಹಾಕಿದ ಕಡೆಯೆಲ್ಲ ಚಿಪ್ಪಿನ ಮೇಲೆ ಅನಿಲ ಕಟ್ಟೋ ಪದರ ಸ್ವಲ್ಪ ತೆಳ್ಳಗೆ ಬರ್ತಿದೆ ಅಂದ್ರು. ನಾನು ಹೋಗಿ ನೋಡ್ದೆ. ಎಲ್ಲವೂ ಒಂದೇ ಕಡೆಗೆ ತಪ್ಪಿದಾವೆ. ಬೇರೆ ಬೇರೆ ಮೀಟರು ಒಂದೇ ಕಡೆಗೆ ತಪ್ಪಿದ್ರೆ ಏನರ್ಥ, ನೀವೇ ಹೇಳ್ಕೊಟ್ಟಿದ್ದು.”

ಏನರ್ಥವೆಂದು ಅವಳಿಗೆ ಗೊತ್ತಿತ್ತು.

“ನಮ್ಮ ಮೂಲ ಮೀಟರೇ ಅಳತೆ ತಪ್ಪಿ ಜಾರಿದೆ ಅಕ್ಕಾ.”

“ಸುಳ್ಳು.”

“ವಸಂತದಲ್ಲೇ ಕೇಳಿದ್ದೆ, ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿ ಸರಿನೋಡಿಸೋಣ ಅಂತ. ‘ಚೆನ್ನಾಗಿ ನಡೀತಿರೋದನ್ನ ಕೆಣಕಬೇಡ’ ಅಂದ್ರಿ. ಪೊಟ್ಟಣ ಸರಿಸೋಕೂ ಬಿಡಲಿಲ್ಲ.”

ಹೌದು, ಅಂದಿದ್ದಳು. ಇಲ್ಲಿ ಎಲ್ಲರೂ ಅನ್ನುವುದೇ. ನಡೆಯುತ್ತಿರುವ ಯಂತ್ರವನ್ನು ಅಲುಗಿಸಬೇಡ, ಮುಚ್ಚಳ ತೆಗೆಯಬೇಡ, ಮುನಿಸಿಕೊಂಡೀತು. ಹೋದ ವರ್ಷ ಅದನ್ನು ಸರಿನೋಡಿಸುವ ಸರದಿಯನ್ನೂ ಅವಳು ಅದೇ ಮಾತು ಹೇಳಿ ಮುಂದೂಡಿದ್ದಳು.

“ಹಾಗಂತ ನನ್ನ ಬೆನ್ನ ಹಿಂದೆ ಬಂದು ತಿದ್ದಿದ್ಯಾ? ಆ ಮೀಟರುಗಳ ಮೇಲೆ ನನ್ನ ಸಹಿ ಇದೆ. ಸಹಿ ಹಾಕಿದ ಮೇಲೆ ಅದರ ಅಂಕಿ ಬದಲಾಯಿಸೋಕೆ ನೀನ್ಯಾರು?”

“ತಪ್ಪೇ. ಚಿಯು ಕೂಡ ಒಪ್ಪಿರಲಿಲ್ಲ. ನಾನೇ ಕೈಮುಗಿದು ಕೇಳ್ಕೊಂಡೆ, ಮೇಡಂಗೆ ಹೇಳಬೇಡಿ ಅಂತ. ಈ ಲ್ಯಾಪ್‌ಟಾಪು ಅವರ ಬಾಗಿಲಲ್ಲಿ ದಾಖಲಾಗಿತ್ತು, ಅದಕ್ಕೇ ಪ್ರತಿ ಸಲ ನಿಮ್ಮನ್ನ ಕೇಳಬೇಕಾಯ್ತು.” ಸ್ವಲ್ಪ ತಡೆದು ಸೇರಿಸಿದ, “ನಿಮಗೆ ಕೊಡೋವಾಗ ಕಾರ್ಡು ವಾಪಸ್ ಹಾಕಿ ಕೊಡಬೇಕಿತ್ತು. ಆಗ ನೀವು ಇಷ್ಟೆಲ್ಲ ಯೋಚಿಸ್ತಿರಲಿಲ್ಲ.”

“ಯೋಚಿಸ್ತಿದ್ದೆ. ಕಾರ್ಡು ಯಾಕಿದೆ ಅಂತ ಯೋಚಿಸ್ತಿದ್ದೆ.”

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವನು ಹೇಳಿದ್ದು ನಿಜವಾದರೆ ತಪ್ಪು ಅವಳದು. ಸುಳ್ಳಾದರೆ ಇದು ಇಲ್ಲಿಯವರೆಗಿನ ಎಲ್ಲಕ್ಕಿಂತ ಜಾಣ ಸುಳ್ಳು. ಮಾತಿನಿಂದ ಇದು ಬಗೆಹರಿಯುವಂಥದ್ದಲ್ಲ. ಅವಳು ಎದ್ದಳು.

“ಊಟ ಮುಗಿಸು. ಅಂಗಡಿಗೆ ಬಾ. ಅಳೆಯೋಣ.”

ಕಪಾಟಿನ ಮೇಲಟ್ಟದಲ್ಲಿ ಹಳೆಯ ಟವಲಿನಲ್ಲಿ ಸುತ್ತಿಟ್ಟ ಒಂದು ಗಾಜಿನ ಕೊಳವೆ ಇತ್ತು. ಕಾಲೇಜಿನ ಪ್ರಯೋಗಾಲಯ ಮುಚ್ಚಿದಾಗ ಅವಳು ಕೇಳಿ ತಂದುಕೊಂಡದ್ದು. ಬುಡದಲ್ಲಿ ಸೋಪಿನ ನೀರು. ಅನಿಲ ಹರಿಸಿದರೆ ಒಂದು ಪೊರೆ ಎದ್ದು ಕೊಳವೆಯೊಳಗೆ ಮೇಲೇರುತ್ತದೆ. ಗಾಜಿನ ಮೇಲೆ ಎರಡು ಗೆರೆಗಳು. ಒಂದರಿಂದ ಇನ್ನೊಂದಕ್ಕೆ ಏರಲು ಪೊರೆಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿದರೆ ಎಷ್ಟು ಅನಿಲ ಹರಿಯಿತೆಂದು ತಿಳಿಯುತ್ತದೆ. ಇದರೊಳಗೆ ತಂತಿಯಿಲ್ಲ, ಚಿಪ್ಪಿಲ್ಲ. ಇದಕ್ಕೆ ಯಾರ ಮೇಲೂ ಮುನಿಸಿಲ್ಲ.

ಅವಳು ಮೂಲ ಮೀಟರಿನ ಹಿಂಬದಿಗೆ ಸಾರಜನಕದ ಕೊಳವೆ ಜೋಡಿಸಿದಳು. ಅದಕ್ಕಾಗಿ ಮೀಟರನ್ನು ಎಳೆಯಬೇಕಾಯಿತು, ಎಳೆಯಲು ಪೊಟ್ಟಣವನ್ನು ತೆಗೆಯಬೇಕಾಯಿತು. ತೆಗೆದು ಪಕ್ಕಕ್ಕಿಟ್ಟಳು.

“ನಾನು ಏನ್ ಮಾಡ್ಲಿ?” ಎಂದ ರುಯಿತಾಂಗ್.

ದೂರ ನಿಲ್ಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೀಟರು ಸರಿಯಿರಲಿ ಎಂದು ಆಸೆಪಡುವ ಕೈ ಸ್ಟಾಪ್‌ವಾಚಿನ ಗುಂಡಿಯನ್ನು ಯಾವಾಗ ಒತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಈ ಅಂಗಡಿಯಲ್ಲಿ ನಂಬಲಾಗದ ಕೈಗಳು ಈಗ ನಾಲ್ಕಿದ್ದವು, ಎರಡಲ್ಲ.

“ನೀನು ಹೊತ್ತು ನೋಡು. ಮೀಟರಿನ ಮುಖ ನಿನಗೆ ಕಾಣಬಾರದು, ಆ ಕಡೆ ತಿರುಗಿ ಕೂರು. ಆಮೇಲೆ ನಾನು ನೋಡ್ತೀನಿ, ನೀನು ಮೀಟರು ಓದು. ಒಬ್ಬರ ಅಂಕಿ ಇನ್ನೊಬ್ಬರಿಗೆ ಕೊನೇವರೆಗೂ ಹೇಳೋದು ಬೇಡ.”

ಪೊರೆ ಎದ್ದಿತು. ಕಾಮನಬಿಲ್ಲಿನ ಬಣ್ಣ ಅಲುಗಿಸುತ್ತ ನಿಧಾನವಾಗಿ ಮೇಲೇರಿತು. ಹೊರಗೆ ಗಾಳಿ ತಗಡಿನ ಬಾಗಿಲನ್ನು ಬಡಿಯುತ್ತಿತ್ತು. ಪೊರೆ ಒಡೆದಾಗ ಮತ್ತೊಂದು, ಅದಾದ ಮೇಲೆ ಮತ್ತೊಂದು. ಹರಿವನ್ನು ಹೆಚ್ಚಿಸಿ, ಇಳಿಸಿ, ಜಾಗ ಬದಲಿಸಿ ಕೂತು ನೋಡಿದರು. ಸಂಜೆಯ ಬೆಳಕು ಕಿಟಕಿ ಬಿಡುವ ಮುಂಚೆ ಎರಡು ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

ಅವನು ನೋಡಿದ ಹೊತ್ತೂ ಅವಳು ನೋಡಿದ ಹೊತ್ತೂ ಒಂದಕ್ಕೊಂದು ಹೊಂದಿದವು. ಮೂಲ ಮೀಟರು ಮಾತ್ರ ಎರಡಕ್ಕೂ ಹೊಂದಲಿಲ್ಲ. ಹರಿದದ್ದಕ್ಕಿಂತ ನೂರಕ್ಕೆ ಒಂದೂವರೆಯಷ್ಟು ಹೆಚ್ಚೇ ಹರಿದಿದೆ ಎಂದು ಅದು ಪ್ರತಿಸಲವೂ, ಒಂದಿಷ್ಟೂ ತಡವರಿಸದೆ ಹೇಳಿತ್ತು.

ಯುಚಿನ್ ಚೀಟಿಗಳನ್ನು ಬಹಳ ಹೊತ್ತು ನೋಡಿದಳು. ಸ್ಲಾಟನ್ನು ಅನುಮಾನಿಸಿದ್ದಳು, ಟೇಪನ್ನು, ಅಂಟನ್ನು, ಜುಬೇಯವರನ್ನು, ಇವನನ್ನು. ಯಾವುದರೊಂದಿಗೆ ಉಳಿದೆಲ್ಲವನ್ನೂ ಹೋಲಿಸುತ್ತಿದ್ದಳೋ ಅದೊಂದನ್ನು ಬಿಟ್ಟು.

ಕೊನೆಗೆ ಹಸಿರು ಪೊಟ್ಟಣವನ್ನು ಎತ್ತಿಕೊಂಡು ಬಾಯಿ ಹರಿದಳು. ತೆಂಗಿನಕಾಯಿಯ ಸಿಹಿ ವಾಸನೆ ಬಂತು.

“ಅಯ್ಯೋ ಅಕ್ಕಾ!” ರುಯಿತಾಂಗ್ ಅರ್ಧ ಎದ್ದೇಬಿಟ್ಟ.

“ಇನ್ನೇನ್ ಮುನಿಸ್ಕೊಳ್ಳುತ್ತೆ? ತಿನ್ನು. ತಾರೀಖು ಮುಗಿಯೋ ಮುಂಚೆ ಮುಗಿಸೋಣ.”

“ಮೆತ್ತಗಾಗಿದೆ,” ಎಂದ ಅವನು ಅಗಿಯುತ್ತ.

“ಎಲ್ಲಾ ಮೆತ್ತಗಾಗಿದೆ.” ಅವಳು ಫೋನು ತೆಗೆದಳು. “ಚಿಯು ನಂಬರ್ ಕೊಡು.”

“ಅಕ್ಕಾ, ಹೇಳಿದ್ರೆ ಅವರು ಎಲ್ಲಾ ಮೀಟರನ್ನೂ ಜುಬೇಗೆ ಕಳಿಸಿಬಿಡಬಹುದು.”

“ಕಳಿಸಬಹುದು. ಕೊಡು.”

ಅವನು ಕೊಟ್ಟ. ಅವಳು ಗುಂಡಿ ಒತ್ತುವ ಮುಂಚೆ ತಡೆದು, ಅವನ ಕಡೆ ನೋಡದೆಯೇ ಹೇಳಿದಳು: “ಇನ್ನು ಮೇಲೆ ಎರಡು ಸಹಿ ಇರಲಿ. ನೀನು ಒಪ್ಪದೇ ಇದ್ದದ್ದು ಹೊರಗೆ ಹೋಗೋದು ಬೇಡ. ನನ್ನ ಹತ್ರ ಜಗಳ ಆಡು. ಕೈಮುಗಿಯೋಕೆ ಬೇರೆಯವರ ಹತ್ರ ಹೋಗಬೇಡ.”

“ನಿಮ್ಮ ಹತ್ರ ಜಗಳ ಆಡೋದಕ್ಕಿಂತ ಚಿಯುಗೆ ಕೈಮುಗಿಯೋದು ಸುಲಭ ಅಕ್ಕಾ.”

“ಗೊತ್ತು,” ಎಂದಳು ಯುಚಿನ್.

ಸೋಮವಾರ ಬೆಳಿಗ್ಗೆ ಮೂಲ ಮೀಟರು ದಪ್ಪ ಪೆಟ್ಟಿಗೆಯೊಳಗೆ ಕೂತು ಪ್ರಯೋಗಾಲಯಕ್ಕೆ ಹೊರಟಿತು. ಅದು ಮರಳುವವರೆಗೆ ಅಂಗಡಿಗೆ ಕೆಲಸವಿಲ್ಲ. ಇಬ್ಬರೂ ಕಾರ್ಖಾನೆಯ ಹಿಂಬಾಗಿಲಿಗೆ ಹೋದರು. ಒಳಗೆ ಚಿಯು ಕಾಯುತ್ತಿದ್ದರು; ತಿದ್ದಿದ ಪ್ರತಿಯೊಂದು ಮೀಟರನ್ನೂ ಹೊರತೆಗೆದು ತೋರಿಸಿ ಹೇಳಬೇಕಿತ್ತು. ಹೇಳಿದ ಮೇಲೆ ಅವರು ಏನನ್ನುತ್ತಾರೋ, ಅದನ್ನು ಅಳೆಯುವ ಯಂತ್ರ ಯುಚಿನ್ ಬಳಿ ಇರಲಿಲ್ಲ.

ಕಾವಲಿನ ಹೆಂಗಸು ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದಳು. ಸ್ಟಿಕ್ಕರಿನ ಸುರುಳಿಯನ್ನು ಕೈಗೆತ್ತಿಕೊಂಡವಳು ಹಾಗೇ ನಿಂತಳು.

“ಇವತ್ತು ನಿಮ್ಮ ಹೆಸರಲ್ಲಿ ಬರೆಸಿದೀರಾ ಮೇಡಂ? ಒಳಗೆ ಮೊಬೈಲ್ ಕಾರ್ಡಿನ ಜಾಗ ಖಾಲಿ ಇದ್ಯಾ?”

“ಖಾಲಿ ಇದೆ.”

“ಬಿಚ್ಚಿ ತೋರಿಸಿ.”

“ಇದೇನು, ನನ್ನನ್ನ ಮೊದಲನೇ ಸಲ ಬಿಟ್ರೆ ಮತ್ತೆ ಕೇಳೇ ಇಲ್ಲ!” ಎಂದ ರುಯಿತಾಂಗ್.

“ನಿಮ್ಮನ್ನ ನೋಡಿ ನೋಡಿ ಗೊತ್ತು. ಇವರು ಯಾರೋ, ನನಗೇನು ಗೊತ್ತು?”

ರುಯಿತಾಂಗ್ ಏನೋ ಹೇಳಹೋದ. ಯುಚಿನ್ ಕೈಯಡ್ಡ ಹಿಡಿದಳು. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಗಾಳಿಗೆ ಬೆನ್ನು ಕೊಟ್ಟು, ಒಂದೊಂದೇ ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಳು. ಕಾವಲಿನವಳು ಬಗ್ಗಿ ಟಾರ್ಚು ಬಿಟ್ಟಳು. ಸ್ಲಾಟು ಖಾಲಿಯಿತ್ತು. ಓರೆಯಾಗಿ ಕತ್ತರಿಸಿದ ಹಳದಿ ಟೇಪು ತಂತಿಯ ತುದಿಗಳನ್ನು ಹಿಡಿದುಕೊಂಡಿತ್ತು. ಸ್ವಚ್ಛವಾಗಿದ್ದ ಚೌಕದ ಮೇಲೂ ದೂಳು ತೆಳ್ಳಗೆ ಇಳಿಯತೊಡಗಿತ್ತು.

“ಆ ತಂತಿ ಯಾಕೆ?” ಎಂದಳು ಹೆಂಗಸು.

“ಒಳ್ಳೇ ಪ್ರಶ್ನೆ,” ಎಂದು ಯುಚಿನ್ ಮೊದಲಿನಿಂದ ಹೇಳತೊಡಗಿದಳು.